ಒಂದು ಬೊಗಸೆ ನುಚ್ಚು

ನಗರಸಭೆಯ ಜನನ-ಮರಣ ನೋಂದಣಿ ಕಿಟಕಿಯ ಹಿಂದೆ ಕೂತಿದ್ದ ಗುರುಲಿಂಗಯ್ಯನವರು ಕಂಪ್ಯೂಟರನ್ನು ಅರ್ಧ ತಿರುಗಿಸಿ, ನನ್ನ ಬಾಯಿಂದ ಯಾಕೆ, ನೀನೇ ಓದಿಕೋ ಎನ್ನುವಂತೆ ಕನ್ನಡಕ ತೆಗೆದು ಒರೆಸುತ್ತ ಕೂತರು. ಯಶೋಧರಾ ಕಿಟಕಿಯ ಸರಳಿಗೆ ಹಣೆ ತಾಗಿಸಿ ಓದಿದಳು. ಮಗು, ಹೆಣ್ಣು. ತಾರೀಖು ಸರಿಯಾಗಿತ್ತು. ತಂದೆ ಭೀಮಶ್ಯಾ, ಅದೂ ಸರಿ. ತಾಯಿಯ ಹೆಸರಿನ ಜಾಗದಲ್ಲಿ ಜಬೀನ್ ಎಂದಿತ್ತು.

"ಇದು ನಂದಲ್ರೀ ಸರ್. ನಮ್ಮವ್ವನ ಹೆಸರು ಸುಮಂಗಲಾ."

"ಆ ವರ್ಷದ ಬುಕ್ಕು ಪೂರಾ ಹುಡುಕೀನಿ ಯವ್ವಾ. ಆ ದಿನ ಭೀಮಶ್ಯಾ ಅನ್ನಾವ್ರಿಗೆ ಹುಟ್ಟಿದಾಕಿ ಒಬ್ಬಾಕೇ ಅದಾಳ. ಆಕಿ ನೀನೇ." ಅವರು ಕನ್ನಡಕ ಹಾಕಿಕೊಂಡರು. "ಜಬೀನ್ ಅಂದ್ರ ಯಾರು, ಗೊತ್ತದೇನು?"

ಗೊತ್ತಿಲ್ಲದೆ ಏನು. ಜಬೀನ್ ಎಂದರೆ ಪಕ್ಕದ ಮನೆಯ ಮಜೀದಸಾಬನ ಹೆಂಡತಿ. ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಶಹಾಬಾದದ ಬಹಳಷ್ಟು ಗೋಡೆಗಳಂತೆ ಅದೂ ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಒಂದರ ಮೇಲೊಂದು ಪೇರಿಸಿದ್ದು. ಆ ಕಡೆಯವರು ಕೆಮ್ಮಿದರೆ ಈ ಕಡೆಯವರಿಗೆ ನೀರಿನ ತಂಬಿಗೆ ನೆನಪಾಗುತ್ತಿತ್ತು. ಆದರೆ ಆ ಹೆಸರು ಗೋಡೆ ದಾಟಿ ಇಲ್ಲಿಗೆ ಹೇಗೆ ಬಂತು ಎಂಬುದು ಅವಳಿಗೆ ತಿಳಿಯಲಿಲ್ಲ.

ಅವಳು ಕಲಬುರಗಿಯಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಳು. ತಂದೆ ಪಾಲಿಶ್ ಮಿಷನ್ನಿಗೆ ಕೊಡುವ ಫರ್ಸಿ ಕಲ್ಲು ಉಪ್ಪುನೀರು ತಾಗಿದರೆ ಹೇಗೆ ಪದರು ಪದರಾಗಿ ಏಳುತ್ತದೆ ಎಂದು ಒಂದು ವರ್ಷ ಕೂತು ನೋಡಿ ಬರೆದಿದ್ದಳು. ಅದನ್ನು ಓದಿ, ಹಳೆಯ ಕಲ್ಲಿನ ಕಟ್ಟಡಗಳನ್ನು ರಿಪೇರಿ ಮಾಡುವ ಇಟಲಿಯ ಒಂದು ಸಂಸ್ಥೆಯವರು ಆರು ತಿಂಗಳ ತರಬೇತಿಗೆ ಕರೆದಿದ್ದರು. ಹೋಗಿ ಬರುವ ಖರ್ಚು, ಇರುವ ಕೋಣೆ, ಎಲ್ಲ ಅವರದೇ. ಅವರು ಕೇಳಿದ ಕಾಗದಗಳೆಲ್ಲ ಕೂಡಿದ್ದವು, ಒಂದನ್ನು ಬಿಟ್ಟು: ತಂದೆ ತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ. ಮೂವತ್ತನೇ ತಾರೀಖಿನೊಳಗೆ ಅದು ಬರದಿದ್ದರೆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ಭಾಳ ಮರ್ಯಾದೆಯಿಂದ ಬರೆದಿದ್ದರು. ಶಾಲೆಯ ಟಿ.ಸಿ.ಯ ಮೇಲೆಯೇ ಇಪ್ಪತ್ಮೂರು ವರ್ಷ ನಡೆದಿತ್ತು, ಪಾಸ್‌ಪೋರ್ಟೂ ಹತ್ತನೆಯ ಅಂಕಪಟ್ಟಿಯ ಮೇಲೆ ಬಂದಿತ್ತು. ಆ ಪಾಸ್‌ಪೋರ್ಟಿನಲ್ಲಿ ತಾಯಿ ಸುಮಂಗಲಾ. ಇಲ್ಲಿ ಜಬೀನ್. ಅವತ್ತು ಎಂಟನೇ ತಾರೀಖು.

ದಾರಿ ಏನು ಎಂದು ಕೇಳಿದ್ದಕ್ಕೆ ಗುರುಲಿಂಗಯ್ಯನವರು ಚೀಟಿಯ ಮೇಲೆ ಬರೆದುಕೊಟ್ಟರು. ತಂದೆಯದೊಂದು ಅಫಿಡವಿಟ್, ತಾಯಿಯದೊಂದು. ಅದಾದ ಮೇಲೆ ಹೊರಗಿನ ಹಲಗೆಯ ಮೇಲೆ ಹತ್ತು ದಿನ ನೋಟಿಸು, ಯಾರದಾದರೂ ತಕರಾರು ಇದ್ದರೆ ಹೇಳಲಿ ಎಂದು. ಆಮೇಲೆ ಸಾಹೇಬರ ಸಹಿ. ಇಷ್ಟು ಬರೆದು ಪೆನ್ನು ಎತ್ತಿಹಿಡಿದು ಹೇಳಿದರು: "ಎಲ್ಲಾಕಿಂತ ಮೊದಲು ಆ ಜಬೀನ್ ಅನ್ನಾ ಹೆಣ್ಮಗಳು ಬರಕೊಡಬೇಕು. ಆಕಿ ಒಲ್ಲೆ ಅಂದ್ರ ನನ್ನ ಕೈಯಾಗ ಏನೂ ಇಲ್ಲ."

ಅವರು ಒಲ್ಲೆ ಯಾಕೆ ಅಂತಾರೆ ಎಂದುಕೊಂಡು ಯಶೋಧರಾ ಮನೆಗೆ ಬಂದಳು.

ಭೀಮಶ್ಯಾ ಕೈಗೆ ಹತ್ತಿದ ಕಲ್ಲಿನ ಹಿಟ್ಟು ತೊಳೆದುಕೊಂಡು ಊಟಕ್ಕೆ ಕೂತಿದ್ದ. ಸುಮಂಗಲಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಜ್ಜಿ ಪೀರಮ್ಮ ಮೂಲೆಯಲ್ಲಿ ಅಡಕೆ ಕತ್ತರಿಸುತ್ತಿದ್ದಳು. ಯಶೋಧರಾ ವಿಷಯ ಹೇಳಿದಾಗ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಭೀಮಶ್ಯಾ ಮಾತ್ರ ಬರೆದವರ ತಪ್ಪು, ಆಫೀಸಿನವರ ತಪ್ಪು, ಮೇಲಿನವರಿಗೆ ಅರ್ಜಿ ಹಾಕುತ್ತೇನೆ, ಒಬ್ಬೊಬ್ಬರನ್ನೂ ಕೇಳುತ್ತೇನೆ ಎಂದು ಏರುತ್ತಲೇ ಹೋದ.

"ಬರದವ್ರದ್ದೇನೂ ತಪ್ಪಿಲ್ಲ," ಎಂದಳು ಪೀರಮ್ಮ, ಅಡಕೊತ್ತು ಕೆಳಗಿಡದೆ. "ನಾನೇ ಬರಸೀನಿ."

ಯಶೋಧರಾಳಿಗಿಂತ ಮುಂಚೆ ಆ ಮನೆಯಲ್ಲಿ ಎರಡು ಕೂಸು ಹುಟ್ಟಿ, ಐದು ತಿಂಗಳು ತುಂಬುವುದರೊಳಗೆ ಎರಡೂ ಹೋಗಿದ್ದವು. ಮೂರನೆಯದು ಮನೆಯಲ್ಲೇ ಹುಟ್ಟಿತು. ಭೀಮಶ್ಯಾ ಆಗ ಸೇಡಂ ಕಡೆ ಸಿಮೆಂಟು ಕಾರ್ಖಾನೆ ಕಟ್ಟುವ ಕೆಲಸಕ್ಕೆ ಹೋಗಿದ್ದ. ಪೀರಮ್ಮ ಹುಟ್ಟಿದ್ದು ಚಂದ್ರಂಪಳ್ಳಿಯ ಕಡೆ. ಹುಟ್ಟಿದ ಕೂಸು ನಿಲ್ಲದ ಮನೆಯಲ್ಲಿ ಏನು ಮಾಡಬೇಕೆಂದು ಅವಳ ತವರಿನ ಹೆಣ್ಣುಮಕ್ಕಳಿಗೆ ಗೊತ್ತಿತ್ತು. ಮೂರನೆಯ ದಿನ ಅವಳು ಕೂಸನ್ನು ಮೊರದಲ್ಲಿ ಮಲಗಿಸಿಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋಗಿ, ಕೂಸು ಮಾರುತ್ತೇನೆ, ಕೊಳ್ಳುತ್ತೀರಾ ಎಂದು ಕೂಗಿದಳು. ನಾಲ್ಕು ತಿಂಗಳ ಉಜ್ಮಾಳನ್ನು ಸೊಂಟಕ್ಕೇರಿಸಿಕೊಂಡು ಹೊರಗೆ ಬಂದ ಜಬೀನ್ ಒಂದು ಬೊಗಸೆ ಜೋಳದ ನುಚ್ಚು ಕೊಟ್ಟು ಕೂಸನ್ನು ಕೊಂಡಳು. ಹೀಗೆ ಮಾರಿದ ಕೂಸನ್ನು ಕೆಲವು ದಿನ ಬಿಟ್ಟು ಅಷ್ಟೇ ನುಚ್ಚು ಕೊಟ್ಟು ತಿರುಗಿ ಕೊಳ್ಳುವುದು ಪದ್ಧತಿ. ಪೀರಮ್ಮ ಕೊಳ್ಳಲಿಲ್ಲ. ಕೂಸು ಬೆಳೆದದ್ದು ಈ ಮನೆಯಲ್ಲೇ, ಆದರೆ ಲೆಕ್ಕಕ್ಕೆ ಆ ಮನೆಯದು. ಸುಮಂಗಲಾಳ ಕೂಸು ಎಲ್ಲಿ ಎಂದು ಕೇಳಿಕೊಂಡು ಎರಡು ಸಲ ಬಂದ ಸಾವು ಮೂರನೆಯ ಸಲ ಬಂದರೆ, ಸುಮಂಗಲಾಳಿಗೆ ಕೂಸೇ ಇಲ್ಲ ಎಂದು ಹೇಳಿ ಕಳಿಸಬಹುದಲ್ಲ. ಹನ್ನೆರಡನೆಯ ದಿನ ತಾನೇ ಆಫೀಸಿಗೆ ಹೋದಳು. ಕೇಳಿಕೊಂಡು ಬರುವವರು ಅಲ್ಲಿಯೂ ನೋಡಬಹುದು ಎಂದು ತಾಯಿಯ ಹೆಸರು ಜಬೀನ್ ಎಂದು ಬರೆಸಿದಳು.

"ಮತ್ತ ಅಪ್ಪನ ಹೆಸರು?" ಯಶೋಧರಾ ಕೇಳಿದಳು.

"ಅದು ಹೊಳೀಲಿಲ್ಲ. ಅಪ್ಪ ಯಾರು ಅಂದ್ರು, ನನ್ನ ಮಗ ಅಂದಿನಿ."

ಭೀಮಶ್ಯಾ ತಟ್ಟೆ ಸರಿಸಿದ. ಪ್ರತಿ ರವಿವಾರ ಬುದ್ಧವಿಹಾರದಲ್ಲಿ ಎದ್ದು ನಿಂತು, ಹರಕೆ ತಾಯಿತಗಳ ವಿರುದ್ಧ ಅರ್ಧ ಗಂಟೆ ಮಾತಾಡುವವನು ಅವನು. ಓಣಿಯ ಎಷ್ಟೋ ಮಕ್ಕಳ ಕೊರಳಿನ ಕರಿದಾರವನ್ನು ಅವರ ತಾಯಂದಿರ ಎದುರೇ ಬಿಚ್ಚಿಸಿದ್ದ. ಅವನು ಹೆಂಡತಿಯ ಕಡೆ ತಿರುಗಿ, ನಿನಗ ಗೊತ್ತಿತ್ತೇನು ಎಂದ.

"ಮಾರಿದ್ದು ಗೊತ್ತಿತ್ತು," ಎಂದಳು ಸುಮಂಗಲಾ. "ಕಾಗದಾದಾಗ ನಾ ಇಲ್ಲ ಅನ್ನಾದು ಗೊತ್ತಿರ್ಲಿಲ್ಲ." ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ರೊಟ್ಟಿ ಅಂಚು ಒಡೆದು ಕೆಟ್ಟಿತು.

ಮಾತು ಗೋಡೆ ದಾಟಲು ಎಷ್ಟು ಹೊತ್ತು. ಮಜೀದಸಾಬ ಬೀಡಿ ಹಚ್ಚಿಕೊಂಡೇ ಬಾಗಿಲಿಗೆ ಬಂದು ನಿಂತ. "ಏನಪಾ ಭೀಮಶ್ಯಾ, ಇಪ್ಪತ್ಮೂರು ವರ್ಷ ನನ್ನ ಹೇಣ್ತಿನ ಕಾಗದಾದಾಗ ಇಟಗೊಂಡು, ದಿನಾ ನನ್ನ ಮನಿ ಚಾ ಕುಡದಿಯಲ್ಲೋ."

"ಹೊರಗ ಇದೇ ಮಾತು ನಗಚಾಟಕ್ಕೂ ಅನಬ್ಯಾಡ ಮಾರಾಯ," ಎಂದ ಭೀಮಶ್ಯಾ. "ಈಗಿನ ಮಂದಿ ಮೊದಲಿನಂಗಿಲ್ಲ."

ಮಜೀದಸಾಬನೂ ನಗು ನಿಲ್ಲಿಸಿದ. ಹತ್ತು ದಿನ ಭೀಮಶ್ಯಾ, ಜಬೀನ್ ಎಂಬ ಎರಡು ಹೆಸರು ಒಂದೇ ಕಾಗದದಲ್ಲಿ ಆಫೀಸಿನ ಹಲಗೆಯ ಮೇಲೆ ತೂಗಾಡಬೇಕು ಎಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

ಮರುದಿನ ಯಶೋಧರಾ ಅಫಿಡವಿಟ್ ಬರೆಯುವ ಟೈಪಿಸ್ಟನ ಹತ್ತಿರ ಹೋದಳು. ಅವನ ಬಳಿ ಎಲ್ಲಕ್ಕೂ ಸಿದ್ಧ ನಮೂನೆ ಇತ್ತು, ಹೆಸರು ತುಂಬಿದರೆ ಆಯಿತು. ಜಬೀನಳದರಲ್ಲಿ ಹೀಗಿತ್ತು: ಸದರಿ ಹುಡುಗಿಗೂ ನನಗೂ ಯಾವುದೇ ರೀತಿಯ ಸಂಬಂಧ ಇರುವುದಿಲ್ಲ, ಹಿಂದೆಯೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ. ಯಶೋಧರಾ ಅದನ್ನು ಎರಡು ಸಲ ಓದಿದಳು. ಆಕೆಗೆ ಕನ್ನಡ ಓದಲು ಬರುತ್ತದೆಯೇ ಎಂದು ಟೈಪಿಸ್ಟ್ ಕೇಳಿದ. ಉರ್ದು ಬರುತ್ತದೆ ಎಂದಳು. ಹಾಗಾದರೆ ಓದಿ ಹೇಳುವ ತ್ರಾಸು ತಗೊಳ್ಳಬೇಡ, ಸಹಿ ಹಾಕಿಸಿಕೊಂಡು ಬಾ ಎಂದು ಬುದ್ಧಿ ಹೇಳಿದ. ಅವನು ಕೆಟ್ಟವನೇನಲ್ಲ. ದಿನಕ್ಕೆ ಇಂಥವರನ್ನು ಇಪ್ಪತ್ತು ಮಂದಿ ನೋಡುವವನು.

ಅವಳು ಬರುವ ಹೊತ್ತಿಗೆ ಪೀರಮ್ಮ ಜಬೀನಳ ಮನೆಯಲ್ಲೇ ಕೂತಿದ್ದಳು, ಹೊಸ್ತಿಲಿಗೆ ಅಡ್ಡವಾಗಿ. ಹುಡುಗಿಯನ್ನು ಕಡಲಾಚೆ ಕಳಿಸುವುದೇ ಅವಳಿಗೆ ಸೇರಿರಲಿಲ್ಲ. ಅದರ ಮೇಲೆ ಈ ಕಾಗದ. ಜಬೀನ್ ತನ್ನ ಕೈಯಾರೆ ಈಕೆ ನನ್ನವಳಲ್ಲ ಎಂದು ಬರೆದರೆ ಮಾರಿದ್ದು ಮುರಿದಂತೆ, ಕೂಸು ಯಾರದೂ ಅಲ್ಲದೆ ದೂರದ ದೇಶದಲ್ಲಿ ಒಂದೇ ಇರುತ್ತದೆ, ಆಗ ಏನಾದರೂ ಆದರೆ ತಾನು ಯಾವ ಬಾಗಿಲಿಗೆ ಹೋಗಿ ಕೂಗಬೇಕು ಎಂಬುದು ಅವಳ ವಾದ. ಯಶೋಧರಾ ಕಲ್ಲಿನ ವಯಸ್ಸನ್ನು ಕೋಟಿಗಟ್ಟಲೆ ವರ್ಷಗಳಲ್ಲಿ ಹೇಳಬಲ್ಲವಳು. ಆದರೂ ಎರಡು ಸಣ್ಣ ಕೂಸುಗಳನ್ನು ಮಣ್ಣು ಮಾಡಿ ಬಂದವಳಿಗೆ ಮೂಢನಂಬಿಕೆ ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ.

ಅಜ್ಜಿಯನ್ನು ದಾಟಿ ಒಳಗೆ ಹೋಗಿ ಕಾಗದವನ್ನು ಜಬೀನಳ ಮುಂದಿಟ್ಟಳು. ಜಬೀನ್ ಕೈಯೊರೆಸಿಕೊಂಡು ಪೆನ್ನು ತೆಗೆದುಕೊಂಡಳು. ಕ್ಯಾಪು ತೆಗೆದಳು. ಎಲ್ಲಿ ಹಾಕಲಿ ಎಂದು ಕೇಳಿದಳು. ಯಶೋಧರಾ ಬೆರಳಿಟ್ಟು ತೋರಿಸಿದಳು. ಪೀರಮ್ಮ ಹೊಸ್ತಿಲಿನಿಂದ ಬೇಡ ಜಬೀನಾ ಎಂದಳು. ಜಬೀನ್ ನಕ್ಕು, ನನ್ನ ಮಗಳು ತಂದಿದ್ದು ಆಯಿ, ಏನು ಕೆಟ್ಟದ್ದು ತಂದಾಳು ಎಂದಳು. ಆಮೇಲೆ ಪೆನ್ನಿನ ಮೊನೆ ಕಾಗದಕ್ಕೆ ತಾಗಿಸಿದವಳು, ಸುಮ್ಮನೆ ಕೇಳುವಂತೆ ಕೇಳಿದಳು: "ಏನ್ ಬರದಾರ ಬೇಟಾ, ಒಂದ್ಸಲ ಓದು."

ಓದಬೇಕೆಂದೇನೂ ಇರಲಿಲ್ಲ. ನೀವು ತಾಯಿ ಅಲ್ಲ ಅಂತ ಬರೆದಾರೆ ಖಾಲಾ ಎಂದು ಒಂದು ಮಾತು ಹೇಳಿದ್ದರೂ ನಡೆಯುತ್ತಿತ್ತು. ಯಶೋಧರಾ ಓದತೊಡಗಿದಳು. ಹೆಸರು, ವಯಸ್ಸು, ಓಣಿ, ಎಲ್ಲ ಸರಾಗವಾಗಿ ಬಂತು. ಯಾವುದೇ ರೀತಿಯ ಎಂಬಲ್ಲಿಗೆ ಬಂದಾಗ ದನಿ ತಾನಾಗಿ ಸಣ್ಣದಾಯಿತು. ಆದರೂ ಮುಂದೆಯೂ ಇರುವುದಿಲ್ಲ ಎಂಬಲ್ಲಿಯವರೆಗೂ ಓದಿದಳು.

ಜಬೀನ್ ಪೆನ್ನಿಗೆ ಕ್ಯಾಪು ಹಾಕಿದಳು.

"ಮಾರೂದು ಕೊಳ್ಳೂದು ಆಯಿಗೆ ಬಿಟ್ಟಿದ್ದು. ನಾ ಅದೇನೂ ಹಿಡಿದಿಲ್ಲ," ಎಂದಳು. "ಖರೇ ನಿಮ್ಮವ್ವಗ ಜ್ವರ ಬಂದು ಹಾಲು ಬತ್ತಿದಾಗ ಎರಡು ತಿಂಗಳು ಉಜ್ಮಾನ ಸಂಗಟ ನಿನಗ ನಾ ಹಾಲು ಕುಡಿಸೀನಿ. ನಮ್ಮಲ್ಲಿ ಹಾಲು ಕುಡಿದ ಕೂಸು ಅಂದ್ರ ಸಂಬಂಧ ಆಗಿ ಹೋತು. ಉಜ್ಮಾಗ ಒಬ್ಬ ತಮ್ಮ ಇದ್ದಿದ್ರ ಅವಗ ನಿನ್ನ ಕೊಟ್ಟು ಲಗ್ನ ಮಾಡಾಕ ಬರ್ತಿರ್ಲಿಲ್ಲ, ಅಷ್ಟು ಸಂಬಂಧ. ಈಗ ಇಲ್ಲ ಅಂತ ಸುಳ್ಳು ಬರಕೊಟ್ಟು ನಾ ಮ್ಯಾಲ ಏನ್ ಜವಾಬು ಹೇಳ್ಲಿ?"

ಪೀರಮ್ಮ ಗೆದ್ದವಳಂತೆ ತಲೆ ಆಡಿಸಿದಳು. ಯಶೋಧರಾ ಕಾಗದ ಮಡಚಿಕೊಂಡು ಮನೆಗೆ ಬಂದು, ಹೊಸದಾಗಿ ತಂದ ಬ್ಯಾಗಿನ ಮೇಲೆ ಕೂತಳು. ಎರಡು ದಿನ ಯಾರೂ ಅವಳನ್ನು ಬೈಯಲಿಲ್ಲ. ಅದೇ ಕಷ್ಟವಾಗಿತ್ತು. ಒಬ್ಬರಾದರೂ ನೀನು ಹೋಗಕೂಡದು ಎಂದು ಗದ್ದಲ ಮಾಡಿದ್ದರೆ ಅವರ ಸಂಗಡ ಜಗಳಾಡಬಹುದಿತ್ತು. ತಂದೆ ಹಲಗೆಯ ಮೇಲಿನ ನೋಟಿಸಿಗೆ ಹೆದರಿಯೂ, ಹಾಕಲಿ ಬಿಡು ಎನ್ನುತ್ತಿದ್ದ. ಜಬೀನ್ ಪ್ರಯಾಣಕ್ಕೆಂದು ಶೇಂಗಾ ಹೋಳಿಗೆಗೆ ಹೂರಣ ಕುಟ್ಟುತ್ತಿದ್ದಳು. ಗೋಡೆಯ ಆ ಕಡೆಯಿಂದ ಆ ಸಪ್ಪಳ ಕೇಳುತ್ತಿತ್ತು. ತಾಯಿ ಅಂಗಿಗಳನ್ನು ಮಡಚಿ ಬ್ಯಾಗಿನಲ್ಲಿಡುವುದು, ಮತ್ತೆ ತೆಗೆದು ಮಡಚುವುದು ಮಾಡುತ್ತಿದ್ದಳು. ಅಜ್ಜಿಯೊಬ್ಬಳನ್ನು ಬಿಟ್ಟರೆ ಎಲ್ಲರೂ ಕಳಿಸುವವರೇ, ಬಾಗಿಲು ಮಾತ್ರ ತೆರೆಯದು.

ಮೂರನೆಯ ದಿನ ಅಂಗಿ ಮಡಚುತ್ತಲೇ ಸುಮಂಗಲಾ ಕೇಳಿದಳು: "ಆಕಿ ಹಡದಾಕಿ ಅಲ್ಲ ಅಂತ ಬರೀತಾಳಂತೇನು, ಕೇಳೀದೇನು?"

ಯಶೋಧರಾ ಕೇಳಿರಲಿಲ್ಲ. ಟೈಪಿಸ್ಟನ ನಮೂನೆಯಲ್ಲಿ ಸಂಬಂಧ ಎಂಬ ಶಬ್ದವಿತ್ತು. ಆಫೀಸಿಗೆ ಅದೇ ಬೇಕು ಎಂದುಕೊಂಡಿದ್ದಳು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ತಾಯಿಗೆ, ಆಫೀಸಿನವರು ಕೇಳುತ್ತಿರುವುದು ಹಡೆದವರು ಯಾರು ಎಂದು ಮಾತ್ರ ಎಂಬುದು ಹೊಳೆದಿತ್ತು. ಅವಳು ಮೂರು ದಿನ ಅದನ್ನೇ ಯೋಚಿಸಿರಬೇಕು.

ಯಶೋಧರಾ ಹೊಸ ಕಾಗದ ತಾನೇ ಬರೆದಳು. ಈ ಹುಡುಗಿಯನ್ನು ನಾನು ಹೆತ್ತಿಲ್ಲ, ಹೆತ್ತವಳು ಭೀಮಶ್ಯಾನ ಹೆಂಡತಿ ಸುಮಂಗಲಾ. ಅಷ್ಟೇ. ಓದಿ ಹೇಳಿದಾಗ ಜಬೀನ್, ಇದು ಖರೇ ಮಾತು ಎಂದಳು. ಆದರೆ ಸಹಿ ಹಾಕುವ ಮೊದಲು ಹೊಸ್ತಿಲಿನ ಕಡೆ ನೋಡಿದಳು. ಪೀರಮ್ಮ ಇಲ್ಲದೆ ಆ ಓಣಿಯಲ್ಲಿ ಜಬೀನಳ ಯಾವ ಬಾಣಂತನವೂ ಆಗಿರಲಿಲ್ಲ. ಅವಳನ್ನು ದಾಟಿ ಆಕೆ ಸಹಿ ಹಾಕುವವಳಲ್ಲ.

ಪೀರಮ್ಮ ಅಡಕೆ ಅಗಿಯುತ್ತ ಭಾಳ ಹೊತ್ತು ಲೆಕ್ಕ ಹಾಕಿದಳು. ಹಡೆದವಳು ಯಾರೆಂದು ಸಾವಿಗೆ ಹೇಗೂ ಗೊತ್ತೇ ಇತ್ತು. ತಾನು ಬದಲಿಸಿದ್ದು ಕೂಸು ಈಗ ಯಾರದು ಎಂಬುದನ್ನು ಮಾತ್ರ. ಈ ಕಾಗದ ಅದರ ಗೊಡವೆಗೆ ಹೋಗಿರಲಿಲ್ಲ. ಆದರೂ ಕಾಗದದಲ್ಲಿ ಸುಮಂಗಲಾಳ ಹೆಸರು ಬಂದ ಮೇಲೆ ಒಂದು ಬೊಗಸೆ ಹಳೆಯ ನುಚ್ಚಿನ ಬಲ ಸಾಲದು ಎಂದು ಅವಳಿಗೆ ಅನ್ನಿಸಿತು.

"ಹಾಕು ಸಹಿ. ಹೋಗಾ ದಿವಸ ಮತ್ತೊಮ್ಮೆ ಮೊರದಾಗ ಕೂಡ್ರಿಸಿ ಮಾರ್ತೀನಿ," ಎಂದಳು. "ಅವ್ವ ಅನ್ನಾಕಿ ಬೆನ್ನ ತಿರುವಿ ನಿಲ್ಲಬೇಕು. ಒಪ್ಪಿದ್ರ ಹಾಕು."

"ಒಪ್ಪೀನಿ," ಎಂದಳು ಯಶೋಧರಾ. ಅವತ್ತು ಅಜ್ಜಿ ಏನು ಕೇಳಿದರೂ ಅವಳು ಒಪ್ಪುತ್ತಿದ್ದಳು. ತಂದೆಗೆ ಇದನ್ನು ಹೇಳಲಿಲ್ಲ.

ಗುರುಲಿಂಗಯ್ಯನವರು ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಸಂಬಂಧವಿಲ್ಲ ಅನ್ನೋದು ಇದರಾಗ ಇಲ್ಲಲ್ಲ ಎಂದರು. ಅದು ಬರೆಯುವುದಕ್ಕೆ ಬರುವುದಿಲ್ಲ ಸರ್ ಎಂದಳು ಯಶೋಧರಾ. ಅವರು ಜಬೀನಳ ಉರ್ದು ಸಹಿಯನ್ನು ಸ್ವಲ್ಪ ಹೊತ್ತು ನೋಡಿ, ಸಾಹೇಬರು ಕೇಳಿದರೆ ನಾನು ಹೇಳುತ್ತೇನೆ ಎಂದು ಠಸ್ಸೆ ಒತ್ತಿದರು. ನೋಟಿಸನ್ನು ಹಲಗೆಯ ಕೆಳಗಿನ ಮೂಲೆಯಲ್ಲಿ, ನಾಯಿ ಲೈಸೆನ್ಸಿನ ಪ್ರಕಟಣೆಯ ಪಕ್ಕಕ್ಕೆ ಅಂಟಿಸಿದವರೂ ಅವರೇ. ಭೀಮಶ್ಯಾ ಹತ್ತೂ ದಿನ ಕೆಲಸಕ್ಕೆ ಹೋಗುವಾಗ ಅದರ ಮುಂದಿನಿಂದಲೇ ಹೋದ. ಮಜೀದಸಾಬ ಹೇಳುವ ಪ್ರಕಾರ ಒಂದೊಂದು ಸಲ ಅಲ್ಲಿ ನಿಂತು, ಬೇರೆಯವರು ಓದದಂತೆ ಬೆನ್ನು ಅಡ್ಡ ಹಿಡಿದು ಬೀಡಿ ಸೇದುತ್ತಿದ್ದ.

ಇಪ್ಪತ್ತೊಂಬತ್ತರ ಮಧ್ಯಾಹ್ನ ಪ್ರಮಾಣಪತ್ರ ಕೈಗೆ ಬಂತು. ಆಫೀಸಿನ ಎದುರಿನ ಝೆರಾಕ್ಸ್ ಅಂಗಡಿಯಿಂದಲೇ ಅದನ್ನು ಇಟಲಿಗೆ ಕಳಿಸಿದಳು. ಮನೆಗೆ ಬಂದಾಗ ಸುಮಂಗಲಾ ಕೈ ತೊಳೆದುಕೊಂಡು ಬಂದು, ನನ್ನ ಹೆಸರು ಎಲ್ಲಿ ಅದ ಎಂದು ಕೇಳಿದಳು. ಯಶೋಧರಾ ಬೆರಳಿಟ್ಟು ತೋರಿಸಿದಳು. ಸುಮಂಗಲಾ ಅಕ್ಷರ ಕೂಡಿಸಿ ಕೂಡಿಸಿ ಓದಿ, ಕಾಗದವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಟ್ರಂಕಿನ ತಳಕ್ಕಿಟ್ಟು ಕೀಲಿ ಹಾಕಿದಳು.

ವೀಸಾ ಬಂದು, ಹೊರಡುವ ದಿನವೂ ಬಂತು. ಮಧ್ಯಾಹ್ನ ವಾಡಿ ಜಂಕ್ಷನ್ನಿನಿಂದ ರೈಲು. ಉಜ್ಮಾಳ ಗಂಡನ ಮನೆ ವಾಡಿಯಲ್ಲೇ. ಅವಳು ಸ್ಟೇಷನ್ನಿಗೆ ಬಂದು ನಿಲ್ಲುತ್ತೇನೆ ಎಂದಿದ್ದಳು. ಆಟೋ ಹೇಳಿಯಾಗಿತ್ತು, ಬ್ಯಾಗು ಬಾಗಿಲ ಹತ್ತಿರ ಬಂದಿತ್ತು. ಆಗ ಪೀರಮ್ಮ ಅಟ್ಟದಿಂದ ಮೊರ ಇಳಿಸಿ ನಡುಮನೆಯಲ್ಲಿಟ್ಟಳು. ಜಬೀನ್ ಸೆರಗಿನಲ್ಲಿ ನುಚ್ಚು ಕಟ್ಟಿಕೊಂಡು ಬಂದಳು.

ಭೀಮಶ್ಯಾ ಮೊರವನ್ನು ನೋಡಿದ, ತಾಯಿಯನ್ನು ನೋಡಿದ, ಮಗಳನ್ನು ನೋಡಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. "ಕಾಗದ ಬಂದದ, ಟಿಕೀಟು ಕೈಯಾಗ ಅದ," ಎಂದ ಮೆಲ್ಲಗೆ, ಮಗಳಿಗೆ ಮಾತ್ರ ಕೇಳುವಂತೆ. "ಒಲ್ಲೆ ಅಂದ್ರ ಯಾರೂ ಏನೂ ಮಾಡಂಗಿಲ್ಲ. ನಡಿ ಹೋಗೂಣು."

ಹೌದು, ಯಾರೂ ಏನೂ ಮಾಡುವಂತಿರಲಿಲ್ಲ. ಸಹಿ ಬಿದ್ದಾಗಿತ್ತು, ಅದನ್ನು ಯಾರೂ ಅಳಿಸಲಾರರು. ಯಶೋಧರಾ ಬ್ಯಾಗಿನ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಳು. ಅಜ್ಜಿ ಮೊರದ ಮೇಲಿನ ಧೂಳನ್ನು ಅಂಗೈಯಿಂದ ಒರೆಸುತ್ತಿದ್ದಳು. ಸುಮಂಗಲಾ ಯಾರೂ ಹೇಳುವ ಮುಂಚೆಯೇ ಗೋಡೆಯ ಕಡೆ ಮುಖ ಮಾಡಿ, ಬೆನ್ನು ತಿರುವಿ ನಿಂತಾಗಿತ್ತು. ಇಪ್ಪತ್ಮೂರು ವರ್ಷದ ಹಿಂದೆಯೂ ಹೀಗೇ ನಿಂತಿದ್ದಳೇನೋ.

ಯಶೋಧರಾ ಚಪ್ಪಲಿ ಬಿಟ್ಟು ಬಂದು ಮೊರದಲ್ಲಿ ಕೂತಳು. ಕೂಸಿಗಾಗುವ ಮೊರ ಅದು. ಮೊಣಕಾಲು ಗದ್ದಕ್ಕೆ ಬಂತು, ಬಿದಿರಿನ ಅಂಚು ಕಿರುಗುಟ್ಟಿ ಎರಡೂ ಕಡೆ ತೊಡೆಗೆ ಒತ್ತಿತು. ಭೀಮಶ್ಯಾ ಹೊರಗೆ ಹೋಗಿ ಬಾಗಿಲನ್ನು ಎಳೆದುಕೊಂಡ. ಹೊರಗಿನ ಬೆಳಕು ಒಂದು ಗೆರೆಯಷ್ಟೇ ಉಳಿಯಿತು. ಅವನ ನೆರಳು ಆ ಗೆರೆಯ ಮೇಲೆ ಕಾವಲಿಗೆ ನಿಂತಿತು.

"ಕೂಸು ಮಾರಾಕತ್ತೀನಿ," ಎಂದಳು ಪೀರಮ್ಮ. "ಕೊಳ್ತೀರೇನು?"

ಜಬೀನ್ ಎರಡು ಕೈ ಸೇರಿಸಿ ಒಂದು ಬೊಗಸೆ ನುಚ್ಚನ್ನು ಪೀರಮ್ಮನ ಸೆರಗಿಗೆ ಸುರಿದು, ಕೊಂಡೀನಿ ಎಂದಳು.

"ಯಾರ ಕೂಸು?"

"ನನ್ನ ಕೂಸು."

ಗೋಡೆಯ ಕಡೆ ನಿಂತವಳ ಬೆನ್ನು ಅಲುಗಲಿಲ್ಲ. ಯಶೋಧರಾ ಏಳಲು ಕೈ ಊರಿದಳು. ಪೀರಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ಕೆಳಗೆ ಒತ್ತಿದಳು. "ನಾ ಹೇಳಾತನಕ ಏಳಬ್ಯಾಡ," ಎಂದು ಕಣ್ಣು ಮುಚ್ಚಿ, ತುಟಿಯೊಳಗೇ ಏನನ್ನೋ ಹೇಳಿಕೊಳ್ಳತೊಡಗಿದಳು. ಅದು ಉದ್ದವಿತ್ತು. ಆಟೋದವನು ಹಾರ್ನ್ ಹೊಡೆದ. ಹೊರಗೆ ಯಾರೋ ಬಂದು ನಿಂತ ಸಪ್ಪಳವಾಯಿತು. ವಿಹಾರದ ಕಡೆಯವರಿರಬೇಕು, ಮಗಳನ್ನು ಹರಸಿ ಕಳಿಸಲು ಬಂದವರು. ಬಾಗಿಲು ಯಾಕೆ ಹಾಕೀರಿ, ಒಳಗೆ ಏನು ನಡೆದಿದೆ ಎಂದು ಕೇಳಿದರು.

"ಏನಿಲ್ರೀ," ಎಂದ ಭೀಮಶ್ಯಾ. "ಬ್ಯಾಗ್ ಕಟ್ಟಾಕತ್ತಾರ."

ಯಶೋಧರಾ ಮೊಣಕಾಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಏಳು ಎನ್ನುವುದನ್ನು ಕಾಯುತ್ತ ಕೂತಳು.